ಗೋದಲಿಯ ಗುಡ್ಡಕ್ಕೆ ಹೋದ ಪುಟಗಳು

ಮೈದಾ ಅಂಟು ಕುದಿಯುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ದೂರದಿಂದ ಗಂಜಿ ಅನ್ನಿಸುತ್ತದೆ, ಹತ್ತಿರ ಹೋದರೆ ಇದ್ದ ಹಸಿವೂ ಹೋಗುತ್ತದೆ. ಜಿರಳೆ ತಿನ್ನಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೇರೆ ಹಾಕುತ್ತೇವೆ, ಕಣ್ಣು ಉರಿದು ನೀರು ಬರುತ್ತದೆ. ಮೊನ್ನೆ ಮಧ್ಯಾಹ್ನ ಹೊನ್ನಾವರದ ನಮ್ಮ ಮನೆಯ ಅಡುಗೆಕೋಣೆಯಿಂದ ಆ ವಾಸನೆ ಬಂತು. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಮಗಳು ಲವೀನಾ ಕ್ರಿಸ್ಮಸ್ ರಜೆಗೆ ಬಂದವಳು ಅಂಟು ಕಾಸುತ್ತಿದ್ದಳು. ಅಟ್ಟದಿಂದ ಗೋದಲಿಯ ಪೆಟ್ಟಿಗೆ ಇಳಿದಿತ್ತು. ಗೋದಲಿ ಅಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆ. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಮನೆಮನೆಯಲ್ಲೂ ಅದನ್ನು ಗುಡ್ಡ, ಹುಲ್ಲು, ಕುರಿಗಳ ಸಮೇತ ಸಣ್ಣದಾಗಿ ಕಟ್ಟುತ್ತೇವೆ. ನಮ್ಮ ಗುಡ್ಡ ಕಾಗದದ್ದು, ಬಹಳ ಹಳೆಯದು, ವರ್ಷಕ್ಕೊಮ್ಮೆ ತೇಪೆ ಬೇಡುತ್ತದೆ. ನಾನು ಜಗಲಿಯಲ್ಲಿ ಕಾಲು ಚಾಚಿ ಒಂದು ಕಾದಂಬರಿ ಹಿಡಿದು ಕೂತಿದ್ದೆ. ಕೊನೆಯ ಅಧ್ಯಾಯ ಮಾತ್ರ ಬಾಕಿ. ಆ ಅಧ್ಯಾಯಕ್ಕಾಗಿ ನಾನು ಎಷ್ಟು ವರ್ಷ ಕಾದೆ ಅಂದರೆ ನೀವು ನಂಬುವುದಿಲ್ಲ. ಅಷ್ಟು ವರ್ಷವೂ ಅದು ಆ ಗುಡ್ಡದೊಳಗೇ ಇತ್ತು ಅಂದರೆ ಇನ್ನೂ ನಂಬುವುದಿಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನನಗೆ ಓದುವ ಚಟ. ಚಟ ಅಂತಲೇ ಅನ್ನುತ್ತೇನೆ. ಅಭಿರುಚಿ ಗಿಭಿರುಚಿ ಅನ್ನುವ ದೊಡ್ಡ ಮಾತೆಲ್ಲ ನಮ್ಮ ಅತ್ತೆಯ ಎದುರು ನಡೆಯುವುದಿಲ್ಲ. ಮನೆಯಲ್ಲಿ ಆಡುವುದು ಕೊಂಕಣಿ, ಪ್ರಾರ್ಥನೆಯೂ ಕೊಂಕಣಿ, ಜಗಳಕ್ಕೆ ಎರಡೂ ಭಾಷೆ, ಓದುವುದು ಮಾತ್ರ ಕನ್ನಡ. ಮಕ್ಕಳು ಸಣ್ಣವರಿದ್ದಾಗ ಕೂತು ಓದಲಿಕ್ಕೆ ಪುರುಸೊತ್ತೆಲ್ಲಿ? ಮನೆಯವರು ಬಂದರಿಗೆ ದೋಣಿ ಇಂಜಿನ್ ರಿಪೇರಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಹಾಗಾಗಿ ನಿಂತೇ ಓದುತ್ತಿದ್ದೆ. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಸೌಟು. ಕಾಯಿ ತುರಿಯುವಾಗ ಪುಸ್ತಕ ಉಪ್ಪಿನ ಭರಣಿಗೆ ಒರಗಿಕೊಂಡಿರುತ್ತಿತ್ತು. ಮೀನು ಸಾರು ತಳ ಹಿಡಿಯುವುದು ನಮ್ಮಲ್ಲಿ ದೊಡ್ಡ ಸುದ್ದಿಯಲ್ಲ. ಅತ್ತೆಯನ್ನು ನಾವೆಲ್ಲ ಮಾಂಯ್ ಅನ್ನುತ್ತೇವೆ. ಮಾಂಯ್ ಒಂದು ತುತ್ತು ಬಾಯಿಗಿಟ್ಟು, ಮುಖ ಸ್ವಲ್ಪವೂ ಬದಲಾಯಿಸದೆ, ಇವತ್ತು ಎಷ್ಟನೇ ಪುಟಕ್ಕೆ ಹತ್ತಿತು ಅಂತ ಕೇಳುತ್ತಿದ್ದರು. ನಾನೂ ಪುಟ ಹೇಳಿಬಿಡುತ್ತಿದ್ದೆ. ಅನ್ನದ ಮುಂದೆ ಕೂತು ಸುಳ್ಳು ಯಾಕೆ ಹೇಳಲಿ?

ಓದಿನ ಚಟ ಸಾಲದು ಅಂತ ಕೈಕೆಲಸದ ಹುಚ್ಚು ಬೇರೆ. ಕ್ರೋಶಾ ಶುರುಮಾಡಿದೆ, ಟಿವಿಗೆ, ಮಿಕ್ಸಿಗೆ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಜಾಲರಿ ಅಂಗಿ ಬಂತು. ಮಕ್ಕಳು ಸಮುದ್ರದ ದಂಡೆಯಿಂದ ಹೆಕ್ಕಿ ತಂದ ಚಿಪ್ಪು ಅಂಟಿಸಿ ನವಿಲು ಮಾಡಿದೆ. ನೋಡಿದವರೆಲ್ಲ ಕೋಳಿ ಚೆನ್ನಾಗಿದೆ ಅಂದರು. ಹಳೇ ಕಾಲುಚೀಲದಲ್ಲಿ ಗೊಂಬೆ ಮಾಡಿದೆ. ಸಣ್ಣವನು ಆಲ್ಡ್ರಿನ್ ಅದನ್ನು ನೋಡಿ ಹೆದರಿ ಜ್ವರ ಬರಿಸಿಕೊಂಡ. ಮಕ್ಕಳ ಬುದ್ಧಿ ಬೆಳೆಯಲಿ ಅಂತ ಮಾಡುತ್ತೇನೆ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಒಳಗಿನ ಲೆಕ್ಕಾಚಾರ ಬೇರೆಯೇ ಇತ್ತು. ಅವರ ಕೈಗೆ ಅಂಟು, ಕತ್ತರಿ ಕೊಟ್ಟು ಕೂರಿಸಿದರೆ ನನಗೆ ಅರ್ಧ ಅಧ್ಯಾಯ ಸಿಗುತ್ತಿತ್ತು. ಆ ಅಂಟೇ ಒಂದು ದಿನ ನನ್ನ ಪುಸ್ತಕಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಸಂಜೆ ಜಪಸರದ ಪ್ರಾರ್ಥನೆಯಲ್ಲಿ ಇಬ್ಬರೂ ಮಕ್ಕಳು ತೂಕಡಿಸಿ ತೂಕಡಿಸಿ ಮಾಂಯ್ ಕೈಯಲ್ಲಿ ತಲೆಗೆ ಮೊಟಕಿಸಿಕೊಳ್ಳುತ್ತಿದ್ದರು. ಪ್ರಾರ್ಥನೆ ಮುಗಿದದ್ದೇ ತಡ, ಕಣ್ಣು ಅಗಲ ಮಾಡಿ ಕತೆ ಬೇಕು ಅನ್ನುತ್ತಿದ್ದರು. ಮಕ್ಕಳ ಪುಸ್ತಕ ಓದಿ ಹೇಳಲು ಕೂತರೆ ನನ್ನ ಕಾದಂಬರಿ ಮುಂದೆ ಹೋಗಬೇಕಲ್ಲ? ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ನಾನು ಓದುತ್ತಿದ್ದ ಕಾದಂಬರಿಯನ್ನೇ ಅವರಿಗೂ ಗಟ್ಟಿಯಾಗಿ ಓದುವುದು. ಮಕ್ಕಳ ಕಿವಿಗೆ ಬೀಳಬಾರದ ಜಾಗ ಬಂದರೆ ಕಣ್ಣಲ್ಲೇ ಓದಿಕೊಂಡು, ಬಾಯಲ್ಲಿ ಮಾತ್ರ 'ಆಮೇಲೆ ಅವರು ಚಾ ಕುಡಿದರು' ಅನ್ನುವುದು. ಮುತ್ತಿಟ್ಟರೆ ಚಾ. ಮಚ್ಚು ಎತ್ತಿದರೂ ಚಾ. ಗಂಡ ಹೆಂಡತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರಂತೂ ಚಾದ ಜೊತೆ ಬಿಸ್ಕೂಟು. ಈ ಪುಸ್ತಕದವರಿಗೆ ಊಟವೇ ಬೇಡವಾ, ಬರೀ ಚಾ ಸಾಕಾ ಅಂತ ಲವೀನಾ ಒಮ್ಮೆ ಕೇಳಿದ್ದಳು. ಮೂಲೆಯಲ್ಲಿ ಜಪಸರ ಮಡಚಿಡುತ್ತಿದ್ದ ಮಾಂಯ್ ಗೋಡೆಯ ಕಡೆ ತಿರುಗಿಕೊಂಡರು.

ಲವೀನಾ ಎರಡನೇ ಕ್ಲಾಸಿನಲ್ಲಿದ್ದ ವರ್ಷ ನಾನು ಊರಿನ ಗ್ರಂಥಾಲಯದಿಂದ ಈ ಕಾದಂಬರಿ ತಂದೆ. ಹೆಸರು ಹೇಳುವುದಿಲ್ಲ, ನೀವು ಓದಿದ್ದರೆ ನನಗಿಂತ ಮೊದಲೇ ಕೊನೆ ಹೇಳಿಬಿಡುತ್ತೀರಿ. ಇಬ್ಬರು ಮಕ್ಕಳ ತಾಯಿಯೊಬ್ಬಳು ಬೇಸತ್ತು ಒಂದು ಬೆಳಿಗ್ಗೆ ಚೀಲ ಹಿಡಿದು ಬಸ್ ಹತ್ತಿ ಹೋಗಿಬಿಡುತ್ತಾಳೆ. ಮಕ್ಕಳು ಕಿಟಕಿಯ ಸರಳು ಹಿಡಿದು ನಿಂತಿರುತ್ತಾರೆ. ಅಲ್ಲಿ ಮುತ್ತೂ ಇಲ್ಲ, ಮಚ್ಚೂ ಇಲ್ಲ, ಚಾ ಹಾಕುವಂಥದ್ದು ಏನೂ ಇಲ್ಲ. ಹಾಗಾಗಿ ಆ ಅಧ್ಯಾಯವನ್ನು ಒಂದಕ್ಷರ ಬಿಡದೆ, ದನಿ ಏರಿಸಿ ಇಳಿಸಿ, ಚಂದ ಮಾಡಿ ಓದಿದೆ. ಆಲ್ಡ್ರಿನ್ ನಿದ್ದೆಹೋದ. ಅವಳು ವಾಪಸ್ ಬರ್ತಾಳಾ ಅಂತ ಲವೀನಾ ಕೇಳಿದಳು. ಕೊನೆಯವರೆಗೆ ಓದದೆ ಹೇಗೆ ಗೊತ್ತಾಗಬೇಕು ಮಾರಾಯ್ತಿ ಅಂದೆ. ನನಗೂ ಅದೇ ಕುತೂಹಲ, ಹೊಟ್ಟೆಗೆ ಅನ್ನ ಸೇರದಷ್ಟು ಕುತೂಹಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಮಕ್ಕಳ ಗಲಾಟೆ ಮಿತಿಮೀರಿದಾಗ ಎಲ್ಲ ತಾಯಂದಿರೂ ಏನಾದರೊಂದು ಹೆದರಿಸುತ್ತಾರಲ್ಲ? ನನ್ನ ತವರು ಕುಮಟೆ. ನನ್ನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ನಿಮ್ಮ ಕಾಟ ಸಾಕಾಗೋಯ್ತು. ಒಂದಿನ ಚೀಲ ಹಿಡ್ಕಂಡು ಕುಮಟೆ ಬಸ್ ಹತ್ತಿ ಹೋಗ್ತೆ ನೋಡಿ." ಹೇಳಿ ಮುಗಿಸುವುದರೊಳಗೆ ನನಗೇ ಮರೆತುಹೋಗುತ್ತಿತ್ತು. ಆ ದಿನಗಳಲ್ಲಿ ಒಮ್ಮೆ ತವರಿಗೆ ಹೋಗುವಾಗ ಲವೀನಾ ಬಸ್ಸಿನಲ್ಲಿ ಕಂಡಕ್ಟರನ್ನು ನಿಲ್ಲಿಸಿಕೊಂಡು, ಕುಮಟೆಯಿಂದ ಹೊನ್ನಾವರಕ್ಕೆ ಕೊನೇ ಬಸ್ ಎಷ್ಟೊತ್ತಿಗೆ, ಅದು ತಪ್ಪಿದರೆ ಎಂತ ಮಾಡಬೇಕು ಅಂತ ವಿಚಾರಿಸಿದಳು. ಆ ಮನುಷ್ಯ ಪಾಪ, ತಪ್ಪಿದರೆ ಟೆಂಪೋ ಸಿಗುತ್ತದೆ ಮಗಾ ಅಂತ ವಿವರವಾಗಿ ಹೇಳಿದ. ನಾನು ಹೆಮ್ಮೆಯಿಂದ ಉಬ್ಬಿಹೋದೆ. ಇಷ್ಟು ಸಣ್ಣ ವಯಸ್ಸಿಗೆ ಎಷ್ಟು ವ್ಯವಹಾರಜ್ಞಾನ, ಮುಂದೆ ಬಸ್ ಡಿಪೋ ಮ್ಯಾನೇಜರೇ ಆಗುತ್ತಾಳೆ ಅಂತ ತವರಿನಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ಬಂದೆ.

ಅಷ್ಟರಲ್ಲಿ ಡಿಸೆಂಬರ್ ಬಂತು. ಆ ವರ್ಷ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮನೆ ಮನೆ ಗೋದಲಿ ಸ್ಪರ್ಧೆ ಅಂತ ಸಾರಿದರು. ಕೈಕೆಲಸದ ಹುಚ್ಚಿನವಳಿಗೆ ಇನ್ನೇನು ಬೇಕು? ತೆಂಗಿನ ಚಿಪ್ಪುಗಳಲ್ಲಿ ರಾಗಿ ಬಿತ್ತಿ ಹುಲ್ಲು ಬರಿಸಿದೆ. ಬೈಹುಲ್ಲಿನ ಮಾಡು ಹೊದಿಸಿದೆ. ಗುಡ್ಡ ಕಟ್ಟುವ ಕೆಲಸ ಮಕ್ಕಳಿಗೆ ಬಿಟ್ಟೆ: ಹಳೇ ಪೇಪರಿನ ದೊಡ್ಡ ಕಟ್ಟು, ಒಂದು ಬೋಗುಣಿ ಅಂಟು, ಹಸಿರು ಬಣ್ಣ. ನಾನು ಒಳಗೆ ನೆವ್ರಿ ಕರಿಯುತ್ತಿದ್ದೆ. ಕಾಯಿ, ಬೆಲ್ಲ ತುಂಬಿದ ಕರ್ಜಿಕಾಯಿಗೆ ನಾವು ನೆವ್ರಿ ಅನ್ನುವುದು. ಎಣ್ಣೆಯ ಮುಂದೆ ಪುಸ್ತಕ ಹಿಡಿಯಬೇಡ ಅಂತ ಮಾಂಯ್ ಕಟ್ಟಪ್ಪಣೆ ಮಾಡಿದ್ದರಿಂದ ಕಾದಂಬರಿ ಜಗಲಿಯ ಕಿಟಕಿಯಲ್ಲಿತ್ತು. ಕರಿದು ಮುಗಿಸಿ, ಕೈ ಒರೆಸಿ, ಇನ್ನು ಕೊನೆಯ ಅಧ್ಯಾಯ ಅಂತ ಆಸೆಯಿಂದ ತೆಗೆದು ನೋಡುತ್ತೇನೆ, ಅಧ್ಯಾಯವೇ ಇಲ್ಲ. ಬುಡದಿಂದ ಹರಿದಿತ್ತು. ಪೇಪರಿನ ಕಟ್ಟು ಅರ್ಧಕ್ಕರ್ಧ ಅಲ್ಲೇ ಬಿದ್ದಿತ್ತು. ಗುಡ್ಡ ಮಾತ್ರ ಹಸಿರು ಬಳಿದುಕೊಂಡು ಎದ್ದು ನಿಂತಿತ್ತು.

ನಾನು ಕೂಗಾಡಿದ್ದು ಪಕ್ಕದ ಕೇರಿಗೂ ಕೇಳಿರಬೇಕು. ಆಲ್ಡ್ರಿನ್ ಅಕ್ಕನ ಕಡೆ ಬೆರಳು ತೋರಿಸಿ ಅತ್ತ. ಲವೀನಾ ಅಳಲಿಲ್ಲ, ಪೇಪರ್ ಸಾಲಲಿಲ್ಲ ಅಂದಳು. ಇಷ್ಟು ಪೇಪರ್ ಇದೆಯಲ್ಲೇ ಅಂದರೆ, ಅದು ದಪ್ಪ ಕಾಗದ, ಗುಡ್ಡಕ್ಕೆ ಒಳ್ಳೇದು ಅಂದಳು. ಗ್ರಂಥಾಲಯದವರಿಗೆ ಅದರ ಬದಲಿಗೆ ಬೇರೆಯೇ ಒಂದು ಪುಸ್ತಕ ತಂದುಕೊಟ್ಟು ಕೈಮುಗಿದದ್ದು ಆಮೇಲಿನ ಮಾತು. ಆ ಕ್ಷಣಕ್ಕೆ ನನಗಿದ್ದ ಸಂಕಟ ಒಂದೇ, ಅವಳು ವಾಪಸ್ ಬಂದಳೋ ಇಲ್ಲವೋ?

ಮರುದಿನ ಮಧ್ಯಾಹ್ನ, ಮಕ್ಕಳು ಶಾಲೆಯಿಂದ ಬರುವ ಮೊದಲು, ಬ್ಯಾಟರಿ ಹಿಡಿದು ಗೋದಲಿಯ ಮುಂದೆ ಮೊಣಕಾಲೂರಿದೆ. ಗುಡ್ಡದ ಹಿಂಬದಿಗೆ ಬಣ್ಣ ತೆಳುವಾಗಿತ್ತು. ಕೊಟ್ಟಿಗೆಯ ಪಕ್ಕದಿಂದ ತಲೆ ತೂರಿಸಿದರೆ ಅಲ್ಲಲ್ಲಿ ಅಕ್ಷರ ಕಾಣುತ್ತಿತ್ತು. ಒಂದು ಸಾಲು ತಲೆಕೆಳಗೆ, ಒಂದು ಅಡ್ಡ. 'ಚೀಲವನ್ನು ಕೆಳಗಿಟ್ಟು' ಅಂತ ಓದಿದೆ. ಇನ್ನಷ್ಟು ಒಳಗೆ ತೂರಿದೆ. 'ಬಾಗಿಲು ತೆರೆದಳು'. ಯಾವ ಬಾಗಿಲು? ಅಲ್ಲಿಂದ ಮುಂದೆ ಅಂಟಿನ ಗಂಟು, ಅದರ ಮೇಲೊಂದು ಕುರಿ. ಕುರಿಯನ್ನು ಕೀಳುವುದೋ ಬೇಡವೋ ಅಂತ ಯೋಚಿಸುತ್ತಿರುವಾಗ ಹಿಂದೆ ಯಾರೋ ಕೆಮ್ಮಿದರು. ತೀರ್ಪುಗಾರರಾದ ಇಗರ್ಜಿಯ ಫಾದರ್ ಮತ್ತು ಇಬ್ಬರು ಹಿರಿಯರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ನಿಂತಿದ್ದರು. ನಾನು ಬಾಲಯೇಸುವಿನ ತೊಟ್ಟಿಲಿಗೆ ಹಣೆ ತಾಗಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಇದ್ದೆ. ನೀರು ಮೈಲುತುತ್ತದ್ದು. ಫಾದರ್ ಸದ್ದು ಮಾಡದೆ ಕೈಮುಗಿದರು. ಭಾನುವಾರದ ಪೂಜೆಯಲ್ಲಿ ಫಾದರ್ ಮಾಡಿದ ಪ್ರಸಂಗದಲ್ಲಿ, ಹೆಸರು ಹೇಳದೆ, ಗೋದಲಿಯ ಮುಂದೆ ಲೋಕ ಮರೆತ ತಾಯಿಯೊಬ್ಬಳ ಮಾತು ಬಂತು. ಮಾಂಯ್ ನನ್ನ ಪಕ್ಕದಲ್ಲೇ ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತಿದ್ದರು.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಅದಕ್ಕೆ ಕಾರಣ ಬಸ್ಸು. ಗುಡ್ಡದ ದಾರಿಯಲ್ಲಿ ಲವೀನಾ ಪೇಸ್ಟಿನ ಡಬ್ಬಿಯಿಂದ ಮಾಡಿದ ಕೆಂಪು ಬಸ್ಸೊಂದನ್ನು ನಿಲ್ಲಿಸಿದ್ದಳು. ಗುಂಡಿಗಳ ಚಕ್ರ, ಮುಂದೆ 'ಕುಮಟಾ – ಹೊನ್ನಾವರ' ಅಂತ ಬೋರ್ಡು. ಬೆತ್ಲೆಹೇಮಿನಲ್ಲಿ ಬಸ್ ಯಾಕೆ ಅಂತ ಫಾದರ್ ಕೇಳುವ ಹೊತ್ತಿಗೆ ಅವಳು ಶಾಲೆಯಿಂದ ಬಂದಿದ್ದಳು. ಚೀಲವನ್ನೂ ಇಳಿಸದೆ ಉತ್ತರ ಕೊಟ್ಟಳು: "ಮರಿಯಮ್ಮ ಜನಗಣತಿಗೆ ಹೆಸರು ಬರೆಸೂಕೆ ಬಂದದ್ದಲ್ವಾ ಫಾದರ್? ಕೆಲಸ ಆದ್ಮೇಲೆ ಮನೆಗೆ ಹೋಗೂಕೆ ಬಸ್ ಬೇಡ್ವಾ?" ಹಿರಿಯರು ನಕ್ಕರು, ಫಾದರ್ ನಕ್ಕರು, ನಾನೂ ನಕ್ಕೆ. ಅವಳೊಬ್ಬಳು ನಗಲಿಲ್ಲ.

ಆ ಸಂಜೆ ನನ್ನ ಸಿಟ್ಟು ಇಳಿದದ್ದು ನೋಡಿ ಲವೀನಾ ಹತ್ತಿರ ಬಂದು ಕೂತಳು. ಅಂಟಿಸುವ ಮೊದಲು ಆ ಪುಟ ಎಲ್ಲ ಓದಿದ್ದೆ, ಕೊನೆ ಏನಂತ ಹೇಳಲಾ ಅಂದಳು. ಒತ್ತಕ್ಷರ ಬಂದರೆ ಎಡವುವ ಹುಡುಗಿ, ಇವಳೇನು ಓದಿಯಾಳು ಅನ್ನಿಸಿದರೂ ಹೇಳು ಅಂದೆ.

"ಅವಳು ಮನೆಗೆ ಬಂದ್ಲು," ಅಂದಳು. "ಎಲ್ಲರೂ ಕೂತು ಚಾ ಕುಡಿದ್ರು."

ಚೀಲ ಕೆಳಗಿಟ್ಟದ್ದು, ಬಾಗಿಲು ತೆರೆದದ್ದು ನಾನೇ ಕಣ್ಣಾರೆ ಓದಿದ್ದೆನಲ್ಲ, ಸರಿಹೋಯಿತು. ಸಮಾಧಾನವಾಯಿತು. ಆದರೂ ಓದುಗರ ಹೊಟ್ಟೆಯಲ್ಲಿ ಒಂದು ಹುಳ ಇರುತ್ತದೆ ನೋಡಿ, ಅದು ಸಾಯುವುದಿಲ್ಲ. ಗ್ರಂಥಾಲಯದಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ಅಂಗಡಿಗಳಲ್ಲಿ ಕೇಳಿದರೆ ಅದು ಈಗ ಅಚ್ಚಾಗುವುದಿಲ್ಲ ಅಂದರು. ವರ್ಷ ವರ್ಷ ಗುಡ್ಡಕ್ಕೆ ಹೊಸ ತೇಪೆ, ಹೊಸ ಹಸಿರು ಬಿದ್ದು ಇದ್ದ ನಾಲ್ಕು ಅಕ್ಷರವೂ ಮುಚ್ಚಿಹೋಯಿತು. ಈಗ ಕಾಲೇಜಿಗೆ ಹೋಗುವ ಆಲ್ಡ್ರಿನ್ ಕಳೆದ ತಿಂಗಳು ಗೆಳೆಯರ ಜೊತೆ ಹುಬ್ಬಳ್ಳಿಗೆ ಹೋದವನು, ಹಳೇ ಪುಸ್ತಕದ ರಾಶಿಯಲ್ಲಿ ಕಂಡಿತು ಅಂತ ಅದೇ ಕಾದಂಬರಿಯನ್ನು ತಂದು ನನ್ನ ಮಡಿಲಿಗೆ ಹಾಕಿದ. ಮೊದಲಿನಿಂದ ಮತ್ತೆ ಓದಿದೆ. ಮುತ್ತಿನ ಜಾಗದಲ್ಲೆಲ್ಲ ನನಗೆ ಚಾದ ವಾಸನೆ ಬರುತ್ತಿತ್ತು.

ಮೊನ್ನೆ ಆ ಅಂಟಿನ ವಾಸನೆಯಲ್ಲೇ ಕೊನೆಯ ಅಧ್ಯಾಯ ಓದಿ ಮುಗಿಸಿದೆ. ಅವಳು ವಾಪಸ್ ಬರಲಿಲ್ಲ. ಗುರುತಿಲ್ಲದ ಊರಿನಲ್ಲಿ ಬಾಡಿಗೆಯ ಕೋಣೆಯೊಂದನ್ನು ಹಿಡಿದು, ಚೀಲವನ್ನು ಕೆಳಗಿಟ್ಟು, ಬಾಗಿಲು ತೆರೆದಳು. ಅಷ್ಟೇ. ಕಾದಂಬರಿಗೆ ಅದೇ ಸರಿಯಾದ ಕೊನೆ, ಓದಿದವರು ಯಾರಾದರೂ ಒಪ್ಪುತ್ತಾರೆ. ಆದರೆ ನನಗೆ ತಲೆ ಎತ್ತಲಾಗಲಿಲ್ಲ. ಎರಡನೇ ಕ್ಲಾಸಿನ ಹುಡುಗಿ ಬೆರಳಿಟ್ಟು, ಒತ್ತಕ್ಷರಗಳಿಗೆ ಎಡವಿ ಎಡವಿ, ಇದನ್ನು ಪೂರ್ತಿ ಓದಿದ್ದಾಳೆ. ಓದಿ, ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಹರಿದಿದ್ದಾಳೆ. ಕೇಳಬಾರದ ಜಾಗ ಬಂದರೆ ಚಾ ಕುಡಿಸಬೇಕು ಅಂತ ಅವಳಿಗೆ ಕಲಿಸಿದ್ದು ಯಾರು, ನೀವೇ ಹೇಳಿ.

ಅಷ್ಟರಲ್ಲಿ ಲವೀನಾ ಹೊರಗೆ ಬಂದಳು. ಮೊಣಕೈವರೆಗೆ ಅಂಟು. ಕೈಯಲ್ಲಿ ಆ ಕೆಂಪು ಬಸ್ಸು. ಅದರ ಧೂಳು ಊದುತ್ತಿದ್ದಳು. ಪ್ರತಿವರ್ಷ ಅದನ್ನು ಗುಡ್ಡದ ದಾರಿಯಲ್ಲಿ ನಾನೇ ಕೈಯಾರೆ ಇಟ್ಟಿದ್ದೇನೆ, ಬೋರ್ಡಿನ ಬಣ್ಣ ಮಾಸಿದಾಗ ನಾನೇ ತಿದ್ದಿದ್ದೇನೆ. ಕುಮಟಾ – ಹೊನ್ನಾವರ. ಹೊನ್ನಾವರದಲ್ಲಿ ಹುಟ್ಟಿ ಬೆಳೆದ ಹುಡುಗಿ ಕುಮಟೆಗೆ ಹೋಗುವ ಬಸ್ಸನ್ನು ಮಾಡಿರಲಿಲ್ಲ. ಅಲ್ಲಿಂದ ಬರುವ ಬಸ್ಸನ್ನು ಮಾಡಿದ್ದಳು. ಇದು ಇಷ್ಟು ವರ್ಷ ನನಗೆ ಹೊಳೆಯಲೇ ಇಲ್ಲ.

"ಮುಗೀತಾ ಮಮ್ಮಿ?" ಅಂದಳು. "ಕೊನೆಗೆ ಎಂತ ಆತು?"

ನಾನು ಪುಸ್ತಕ ಮುಚ್ಚಿದೆ. "ಮನೆಗೆ ಬಂದ್ಲು," ಅಂದೆ. "ಎಲ್ಲರೂ ಕೂತು ಚಾ ಕುಡಿದ್ರು."

ಅವಳು ನನ್ನನ್ನೇ ನೋಡುತ್ತ ನಿಂತಳು. ನಾನೂ ನೋಡಿದೆ. ಇಬ್ಬರಿಗೂ ನಗು ಬಂತು, ಇಬ್ಬರ ಕಣ್ಣೂ ಒದ್ದೆಯಾಗಿತ್ತು, ಅದನ್ನು ಮೈಲುತುತ್ತದ ಲೆಕ್ಕಕ್ಕೆ ಬರೆದುಕೊಂಡೆವು. ಅವಳು ಬಸ್ಸನ್ನು ಪುಸ್ತಕದ ಮೇಲಿಟ್ಟು ನನ್ನ ಪಕ್ಕ ಕೂತಳು. ಒಲೆಯ ಮೇಲೆ ಅಂಟು ಇದೆ ಅನ್ನುವುದು ಇಬ್ಬರಿಗೂ ಮರೆತೇಹೋಗಿತ್ತು. ಒಳಗೆ ಮಂಚದ ಮೇಲೆ ಮಲಗಿದ್ದ ಮಾಂಯ್‌ಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಮೂಗು ಮಾತ್ರ ಮೊದಲಿನ ಹಾಗೇ ಇದೆ. ಅಲ್ಲಿಂದಲೇ ಕೇಳಿದರು: "ಎಂತದೋ ತಳ ಹತ್ತಿದ ವಾಸನೆ ಬಂತು. ಎಷ್ಟನೇ ಪುಟ?"

"ಕೊನೇ ಪುಟ, ಮಾಂಯ್," ಅಂದೆ.