ಹೀಟರ್‌ಗೆ ‘ತಾಳು’ ಎನ್ನುವ ಟಕ್ ಅಕ್ಕ

ಬೆಳಗಿನ ಐದೂಮುಕ್ಕಾಲು. ಪುಟ್ಟ ಹೆರಿಗೆ ಆಸ್ಪತ್ರೆಯ ಹಿಂಬದಿಯ ಬ್ಯಾಟರಿ ಕೋಣೆಗೆ ಕಂಕುಳಲ್ಲಿ ಮಾಸಿದ ಹೊದಿಕೆಗಳ ಗಂಟು ಹೊತ್ತು ಒಳಬರುತ್ತಾರೆ ಈಕೆ. ಗಂಟು ಕೆಳಗಿಡುವ ಮೊದಲೇ ಗೋಡೆಯ ಮೇಲಿನ ಸೋಲಾರ್ ಇನ್ವರ್ಟರ್‌ನ ಪರದೆ ನೋಡುತ್ತಾರೆ. ನಲವತ್ತೊಂಬತ್ತೂವರೆ ವೋಲ್ಟ್. “ಹಸಿದಿದ್ದಾವೆ ಪಾಪ. ಬಿಸಿಲು ಬರ್ಲಿ, ಆಮೇಲೆ ನನ್ನ ಹೀಟರ್,” ಎನ್ನುತ್ತಾರೆ. ಇಪ್ಪತ್ತನಾಲ್ಕು ಬ್ಯಾಟರಿಗಳ ಊಟ ತಿಂಡಿ ವಿಚಾರಿಸುವ ಧಾಟಿ ಅದು.

ಈಕೆ ಎಂಜಿನಿಯರ್ ಅಲ್ಲ, ಎಲೆಕ್ಟ್ರಿಷಿಯನ್ನೂ ಅಲ್ಲ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಬಟ್ಟೆ ಒಗೆಯುತ್ತಿದ್ದಾರೆ. ದಿನಕ್ಕೆ ಅರವತ್ತು ಹೊದಿಕೆ, ಕೂಸುಗಳ ಬಟ್ಟೆ ನೂರಕ್ಕೂ ಹೆಚ್ಚು. ಆಸ್ಪತ್ರೆಯವರೆಲ್ಲ ಕರೆಯುವುದು ಟಕ್ ಅಕ್ಕ ಎಂದು. ಹೆಸರನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅವಸರದಲ್ಲಿ ಹೇಳಿದರೆ ಯಾರೋ ಟಕ್ಕರ ಪೈಕಿ ಎನಿಸೀತು.

ಹಿಂದೆಲ್ಲ ಕರೆಂಟ್ ಹೋದಾಗಲೆಲ್ಲ ಬೈಗುಳ ಬೀಳುತ್ತಿದ್ದುದು ಇವರಿಗೇ. ಬಟ್ಟೆ ಕುದಿಸುವ ಹೀಟರ್ ಬ್ಯಾಟರಿಯನ್ನು ಹೀರಿಬಿಡುತ್ತಿತ್ತು. ಬ್ಯಾಟರಿ ತೀರಾ ಇಳಿದರೆ ಇನ್ವರ್ಟರ್ ಇಡೀ ಆಸ್ಪತ್ರೆಯನ್ನೇ ಕತ್ತಲಿಗೆ ತಳ್ಳುತ್ತಿತ್ತು. “ನನ್ನಿಂದ ಹಾಗಾಗೋದಾದ್ರೆ ಅದೇನು ಅಂತ ನಾನೇ ತಿಳ್ಕೋಬೇಕಲ್ವಾ?” ರಿಪೇರಿಗೆ ಬಂದ ಮೆಕ್ಯಾನಿಕ್‌ನ ಬೆನ್ನು ಬಿದ್ದರು. ಇನ್ವರ್ಟರ್‌ನ ಕೆಳಗೆ ಯಾರೂ ಬಳಸದ ಎರಡು ತಿರುಪುಗಳನ್ನು ಆತ ತೋರಿಸಿದ. ಆಕ್ಸಿಲಿಯರಿ ಔಟ್‌ಪುಟ್. ಬ್ಯಾಟರಿ ಇಷ್ಟಕ್ಕೇರಿದರೆ ಆನ್, ಇಷ್ಟಕ್ಕಿಳಿದರೆ ಆಫ್ ಎಂದು ಹೇಳಿಟ್ಟರೆ ಹಾಗೇ ಮಾಡುತ್ತದೆ. ಹೀಟರನ್ನೂ ನೀರಿನ ಪಂಪನ್ನೂ ನೇರವಾಗಿ ಅದಕ್ಕೆ ಕಟ್ಟುವಂತಿಲ್ಲ, ನಡುವೆ ದಪ್ಪ ರಿಲೇ, ಅಂದರೆ ಸನ್ನೆ ಸಿಕ್ಕಾಗ ತಾನೇ ಹಿಡಿದು ಬಿಡುವ ಸ್ವಿಚ್ಚು, ಬೇಕು. “ಅದು ಸನ್ನೆ ಮಾಡೋ ಜಾಗ, ಹೊರೆ ಹೊರೋ ಜಾಗ ಅಲ್ಲ,” ಎಂದು ಇವರ ಬಗ್ಗೆ ಬರೆಯಲು ಬಂದ ನನಗೆ ಪಾಠ ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ.

ಮೆಕ್ಯಾನಿಕ್ ತಂತಿ ಜೋಡಿಸಿ ಹೋದ. ಅಂಕಿ ಕೂರಿಸಿದ್ದು ಇವರು, ಕೂರಿಸಿ ಎಡವಿದ್ದೂ ಇವರೇ. ಆನ್ ಆಗಲು ಐವತ್ತೆರಡು, ಆಫ್ ಆಗಲು ಐವತ್ತೊಂದೂವರೆ ಎಂದು ಇಟ್ಟಿದ್ದರು. ಹೀಟರ್ ಹತ್ತಿಕೊಂಡರೆ ವೋಲ್ಟ್ ಕುಸಿಯುತ್ತದೆ, ರಿಲೇ ಬಿಡುತ್ತದೆ. ಬಿಟ್ಟೊಡನೆ ವೋಲ್ಟ್ ಏರುತ್ತದೆ, ಮತ್ತೆ ಹಿಡಿಯುತ್ತದೆ. ಬೆಳಗೆಲ್ಲ ಟಕ್ ಟಕ್ ಟಕ್. ಮಧ್ಯಾಹ್ನದ ಹೊತ್ತಿಗೆ ರಿಲೇ ಸುಟ್ಟಿತು, ಹೆಸರು ಉಳಿಯಿತು. ಈಗ ಆನ್‌ಗೆ ಐವತ್ತನಾಲ್ಕು, ಆಫ್‌ಗೆ ಐವತ್ತು, ಜೊತೆಗೆ ಹತ್ತು ನಿಮಿಷ ಕಾಯಬೇಕೆಂಬ ಕಟ್ಟಳೆ. ಆ ಹತ್ತು ನಿಮಿಷ ಕೂರಿಸುವ ಗುಂಡಿಯ ಪಕ್ಕ ಚೀಟಿ ಅಂಟಿಸಿದ್ದಾರೆ: ‘ತಾಳು’.

“ಮನೇಲೂ ಅದೇ ಮಾತು,” ಎಂದು ಇವರ ಅತ್ತೆ ದೂರುತ್ತಾರೆ. “ಕಾಫಿ ಕೊಡೇ ಅಂದ್ರೆ ತಾಳಿ ಅಂತಾಳೆ. ನನ್ನನ್ನೂ ಬ್ಯಾಟರಿ ಅಂದ್ಕೊಂಡಿದ್ದಾಳೆ!” ಗಂಡ ತೀರಿಹೋದ ಮೇಲೆ ಅತ್ತೆ ಸೊಸೆ ಇಬ್ಬರೇ. ಜಗಳಕ್ಕೂ ಕೊರತೆಯಿಲ್ಲ, ನಗುವಿಗೂ.

ಕಳೆದ ತಿಂಗಳು ಗಾಳಿಗೆ ಕಂಬ ಉರುಳಿ ಊರಿನ ಕರೆಂಟ್ ನಿಂತಿತು. ನಾಲ್ಕು ದಿನ ಮೋಡ. ಈ ಬ್ಯಾಟರಿಗಳಿಂದಲೇ ನಡೆಯುತ್ತಿದ್ದ ವಾರ್ಡಿನ ಬಿಸಿ ತೊಟ್ಟಿಲಲ್ಲಿ ಅವಧಿಗೆ ಮುಂಚೆ ಹುಟ್ಟಿದ, ಒಂದೂಕಾಲು ಕಿಲೋ ತೂಕದ ಹೆಣ್ಣುಕೂಸು. ತೊಟ್ಟಿಲು ತಣ್ಣಗಾದರೆ ಕೂಸು ಉಳಿಯುವುದು ಕಷ್ಟ. ಎರಡನೆಯ ದಿನವೇ ರಿಲೇ ಟಕ್ ಎಂದು ಹೀಟರನ್ನೂ ಪಂಪನ್ನೂ ಬಿಟ್ಟಿತು. ನಲ್ಲಿಯಲ್ಲಿ ನೀರಿಲ್ಲ, ಬಿಸಿನೀರಂತೂ ಇಲ್ಲವೇ ಇಲ್ಲ. ಇವರು ಅಂಗಳದ ಕೈಪಂಪಿನಿಂದ ಬಕೆಟ್ ಹೊತ್ತರು, ತಣ್ಣೀರಿನಲ್ಲೇ ಒಗೆದರು. ಮೂರನೆಯ ದಿನ ಬೆಳಗ್ಗೆ ಆಸ್ಪತ್ರೆಯ ಮೇಲ್ವಿಚಾರಕರು ರೇಗಿದರು: “ಹೀಟರನ್ನ ರಿಲೇ ತಪ್ಪಿಸಿ ನೇರ ಹಾಕಮ್ಮ, ಅರ್ಧ ಗಂಟೆ ಅಷ್ಟೇ!”

“ತಾಳಿ ಸಾರ್,” ಎಂದರಂತೆ ಇವರು. “ಕೆಲಸದಿಂದ ತೆಗೆದ್ರೂ ಸರಿ, ಇದನ್ನ ಮಾತ್ರ ಮುಟ್ಟಲ್ಲ.” ಹೇಳಿ, ಬಕೆಟ್ ಹಿಡಿದು ಮತ್ತೆ ಕೈಪಂಪಿನತ್ತ ನಡೆದರಂತೆ.

ನಾಲ್ಕನೆಯ ಸಂಜೆ ಕರೆಂಟ್ ಬಂದಾಗ ಪರದೆ ತೋರಿಸಿದ್ದು ನಲವತ್ತಾರೂವರೆ. ನಲವತ್ತಾರಕ್ಕೆ ಇಳಿದಿದ್ದರೆ ತೊಟ್ಟಿಲೂ ಸೇರಿ ಎಲ್ಲವೂ ಆರಿಹೋಗುತ್ತಿತ್ತು. ಮೇಲ್ವಿಚಾರಕರು ಪರದೆಯನ್ನು ನೋಡಿದರು, ಇವರನ್ನು ನೋಡಿದರು, ತಾವೇ ಹೋಗಿ ಎರಡು ಲೋಟ ಚಹಾ ತಂದರು.

ಕೂಸು ಎರಡು ಕಿಲೋ ತುಂಬಿ ಮೊನ್ನೆ ಮನೆಗೆ ಹೋಗಿದೆ. ತಾಯಿ ಡಾಕ್ಟರಿಗೆ, ನರ್ಸಮ್ಮನಿಗೆ ಕೈಮುಗಿದರು. ಒಗೆದ ಬಟ್ಟೆ ಕೊಡಲು ಬಂದ ಇವರತ್ತ ಸುಮ್ಮನೆ ನಕ್ಕರು. ನಿಮ್ಮ ಪಾಲನ್ನು ಹೇಳಬಾರದಿತ್ತೇ ಎಂದು ಕೇಳುತ್ತೇನೆ.

“ತೊಟ್ಟಿಲಿನ ಕರೆಂಟ್ ಹೋಗ್ಲಿಲ್ಲ ಅಂತ ಹೋಗಿ ಹೇಳೋಕಾಗತ್ತಾ?” ಎಂದು ನಗುತ್ತಾರೆ. ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. “ಬಟ್ಟೆ ಸುತ್ತೋ ನೆಪದಲ್ಲಿ ಕೂಸಿನ ಪಾದ ಒಂದ್ಸಲ ಮುಟ್ಟಿ ನೋಡ್ದೆ. ಬೆಚ್ಚಗಿತ್ತು.”