ಕ್ಯಾಸೆಟ್ ಹಾಕೋ ಜಾಗ ಎಲ್ಲೈತವಾ?

ಸಿಕ್ತು ರೀ ಸಿಕ್ತು, ನಮಗೆ ಬೇಕಾದ ಕ್ಯಾಮ್‌ಕಾರ್ಡರ್ ಸಿಕ್ತು, ಮತ್ತು ನಾನೆಂದೂ ನೋಡದ ನನ್ನ ಅತ್ತೆ ನಿನ್ನೆ ಮಧ್ಯಾಹ್ನ ಗೋಕಾಕದ ನಮ್ಮ ಮನೆಯಲ್ಲಿ ಮಾತಾಡಿದರು!

ತಡೀರಿ, ಮೊದಲಿಂದ ಹೇಳ್ತೀನಿ.

ಮದುವೆಯಾಗಿ ಎರಡು ತಿಂಗಳು. ನನ್ನ ಸಂಜು, ಟೇಲರ್ ಅಂಗಡಿ ಇಟ್ಟಿರೋ ಮಾವ, ನಾನು... ಇಷ್ಟೇ ಮನೆ.

ನಮ್ಮ ಮದುವೆ ವಿಡಿಯೋದಲ್ಲಿ ಒಬ್ಬರ ಮಾತೂ ಇಲ್ಲ, ಪೂರ್ತಿ ಸಿನಿಮಾ ಹಾಡು. ಅದಕ್ಕೇ ನಮ್ಮದೇ ಒಂದು ಕ್ಯಾಮ್‌ಕಾರ್ಡರ್ ಬೇಕು ಅಂತ ಹಟ ಹಿಡಿದೆ. ಫೋನ್ ಅಲ್ಲ, ಅಂಗೈಯಲ್ಲಿ ಬೆಚ್ಚಗೆ ಕೂರುವಂಥದ್ದು.

ಹದಿನೈದು ದಿನ ಅದನ್ನೇ ಓದಿದೆ, ಅದನ್ನೇ ಕನಸು ಕಂಡೆ. ಡಿಸ್ಕಿನದು ಅರ್ಧ ಗಂಟೆಗೇ ತುಂಬಿಹೋಗುತ್ತೆ. ಟೇಪಿನದು ಮಬ್ಬು, ಮೇಲಾಗಿ ಒಂದು ಗಂಟೆಯ ಟೇಪ್ ಲ್ಯಾಪ್‌ಟಾಪಿಗೆ ಇಳಿಸೋಕೆ ಪೂರ್ತಿ ಒಂದು ಗಂಟೆ ಕೂತು ಕಾಯಬೇಕು.

ಮೆಮೊರಿ ಕಾರ್ಡ್ ಆದ್ರೆ ಫುಲ್ ಎಚ್‌ಡಿ, ಎರಡೇ ನಿಮಿಷದಲ್ಲಿ ಕಾಪಿ. ಈಗ ಯಾರು ಟೇಪ್ ತಗೋತಾರೆ ಅಂತ ನಕ್ಕಿದ್ದೆ.

ಮೂಡಲಗಿಯ ಹಳೇ ಫೋಟೋ ಸ್ಟುಡಿಯೋದಲ್ಲಿ ಕಾರ್ಡಿನದೇ ಸಿಕ್ತು, ನಮ್ಮ ಬಜೆಟ್ಟಿಗೂ ಹೊಂದಿತು. ಬೈಕಿನ ಹಿಂದೆ ಕೂತು, ಸಂಜೆ ಬಿಸಿಲಲ್ಲಿ ತೂಗೋ ಬೆಳ್ಳಿ ಬಣ್ಣದ ಕಬ್ಬಿನ ಹೂವನ್ನೆಲ್ಲ ಶೂಟ್ ಮಾಡ್ತಾ ಬಂದೆ...

ಮಾವ ಅಂಗಡಿ ಬೇಗ ಮುಚ್ಚಿ ಕಾಯ್ತಾ ಇದ್ದರು. ಕ್ಯಾಮೆರಾ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕ್ಯಾಸೆಟ್ ಹಾಕೋ ಜಾಗ ಎಲ್ಲೈತವಾ?"

ಅವರ ಕೈಯಲ್ಲಿ ಕುಬುಸದ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಟೇಪ್. ನನ್ನ ನಾದಿನಿ ಸವಿತಾಳನ್ನ ತೊಟ್ಟಿಲಿಗೆ ಹಾಕಿದ ದಿನ ಬೀಗರೊಬ್ಬರು ಶೂಟ್ ಮಾಡಿದ್ದು. ಅದಾಗಿ ವರ್ಷ ತುಂಬೋದರೊಳಗೆ ಅತ್ತೆ ತೀರಿಕೊಂಡರು.

ಅವರ ದನಿ ಇರೋದು ಅದೊಂದರಲ್ಲೇ. ಹಾಕಿ ನೋಡೋ ಕ್ಯಾಮೆರಾ ಮನೆಯಲ್ಲಿ ಇರಲೇ ಇಲ್ಲ. ಸವಿತಾ ತನ್ನ ಅಮ್ಮನ ದನಿ ಹೇಗಿತ್ತು ಅಂತ ತಿಳಿಯದೇ ಬೆಳೆದಳು.

ಇದರಲ್ಲಿ ಕ್ಯಾಸೆಟ್ ಹೋಗಲ್ಲ ಮಾವ, ಅಂದೆ.

"ಇರ್ಲಿ ಬಿಡವಾ. ನನಗೇನ್ ತಿಳೀತೈತಿ ಇದೆಲ್ಲಾ," ಅಂತ ಅವರು ಮತ್ತೆ ಬಟ್ಟೆ ಸುತ್ತತೊಡಗಿದರು. ಒಂದೊಂದೇ ಮಡಿಕೆ, ಅಳತೆ ಹಿಡಿದ ಹಾಗೆ.

ಹದಿನೈದು ದಿನ ಓದಿದವಳು ನಾನು. ಮನೆಯಲ್ಲಿ ಹಳೇ ಟೇಪ್ ಇದೆಯಾ ಅಂತ ಒಂದು ಮಾತು ಕೇಳಿರಲಿಲ್ಲ.

ಮರುದಿನವೇ ವಾಪಸ್ ಮೂಡಲಗಿಗೆ. ಸ್ಟುಡಿಯೋದವರು ಕ್ಯಾಮೆರಾ ತಿರುಗಿ ತಗೊಂಡು, ಹುಕ್ಕೇರಿಯ ತಮ್ಮ ದೋಸ್ತರ ವಿಳಾಸ ಕೊಟ್ಟರು. ಮದುವೆ ಶೂಟಿಂಗ್ ಬಿಟ್ಟು ಎಷ್ಟೋ ವರ್ಷವಾದ ಕಾಕಾ ಅವರು. ಕಪಾಟಿನ ಹಿಂದಿನಿಂದ ಟೇಪಿನ ಕ್ಯಾಮ್‌ಕಾರ್ಡರ್ ತೆಗೆದು, ನನ್ನ ಕೈತುಂಬ ಹಸಿರು ಬಳೆ ನೋಡಿ ನಕ್ಕರು.

"ಹೊಸಾ ಜೋಡಿ ಅದೀರಿ... ಇದರಾಗ ಮಾರಿ ಮಬ್ಬ ಕಾಣತೈತಿ ನೋಡವಾ, ಆಮ್ಯಾಲ ನನಗ ಬೈಬ್ಯಾಡ."

"ಮಬ್ಬ ಇದ್ರೂ ನಡೀತೈತ್ರಿ ಕಾಕಾ, ಮಾತ ಕೇಳಿಸಿದ್ರ ಸಾಕು," ಅಂದ ಸಂಜು.

ನಿನ್ನೆ ಮಧ್ಯಾಹ್ನ. ಕಿಟಕಿ ಮುಚ್ಚಿ, ಅಂಗೈಗಿಂತ ಸಣ್ಣ ಸ್ಕ್ರೀನಿಗೆ ಮೂರು ತಲೆ ಬಾಗಿವೆ. ನೀಲಿ... ಗೆರೆ... ಆಮೇಲೆ ಹಸಿರು ಸೀರೆಯ ಅತ್ತೆ. ತೊಟ್ಟಿಲ ಸುತ್ತ ಹೆಂಗಸರ ಗದ್ದಲ.

"ಹೆಸರ ಹೇಳ! ಹೇಳೂತನಕ ತೊಟ್ಟಿಲ ತೂಗಾಕ ಬಿಡೂದಿಲ್ಲ!"

ನಾನು ದಿನಕ್ಕೆ ನೂರು ಸಲ ಸಂಜು ಅಂತೀನಿ. ಅತ್ತೆ ಮಾತ್ರ ಗಂಡನ ಹೆಸರು ಹೇಳ್ತಿದ್ದದ್ದು ಇಂಥ ದಿನ, ಹೀಗೆ ಒಡಪು ಕಟ್ಟಿಯೇ ಅಂತೆ. ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಒಂದೇ ಉಸಿರಿಗೆ:

"ಧುಪದಾಳ ಒಡ್ಡಿಗೆ ಹೊಳಿ ಬಂದು ನಿಂತೈತಿ,
ಮಲ್ಲಪ್ಪರಾಯರ ಹೆಸರ ನಾಲಿಗಿ ಮ್ಯಾಲ ಕುಂತೈತಿ!"

ಮಾವ ತಟ್ಟನೆ ಸ್ಟಾಪ್ ಒತ್ತಿದರು. ಟೇಪ್ ಹರೀತೇನೋ ಅಂತ ನಾನು ಹೆದರಿದೆ.

"ಮುಂದ ಆಕಿ ಕೂಸಿನ ಹೆಸರ ಹಿಡದ ಕರೀತಾಳ," ಅಂದರು, ಕಣ್ಣೊರೆಸಿಕೊಳ್ಳದೇ. "ಅದನ್ನ ಮೊದಲ ಸವಿತಾ ಕೇಳ್ಲಿ."

ಒಂದು ಗಂಟೆಯ ಟೇಪ್, ಕಾಪಿ ಆಗೋಕೆ ಪೂರ್ತಿ ಒಂದು ಗಂಟೆ. ಅದು ಎಷ್ಟು ಚೆಂದ ಅಂತ ನನಗೆ ಈಗ ಗೊತ್ತಾಗ್ತಿದೆ... ನಾಲ್ಕೂ ಜನ ಪಕ್ಕ ಪಕ್ಕ ಕೂತು ಕೇಳ್ತೀವಿ.

ದಾವಣಗೆರೆಯಲ್ಲಿ ನರ್ಸಿಂಗ್ ಓದೋ ಸವಿತಾಗೆ ಫೋನಲ್ಲಿ ಏನೂ ಹೇಳಿಲ್ಲ, ಬಾ ಅಂದಿದ್ದೀವಿ ಅಷ್ಟೇ. ಭಾನುವಾರ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಬಂದು ಘಟಪ್ರಭಾದಲ್ಲಿ ಇಳೀತಾಳೆ.