ಗಿಡ ಹೊದ್ದ ಕಂಬಳಿ

“ಯಜಮಾನ್ರ, ಇಂಥಾ ಥಂಡ್ಯಾಗ ಹೊರಗ ಯಾಕ ಕುಂತೀರಿ? ಒಳಗ ನಡೀರಿ!” ನಸುಕಿನಲ್ಲಿ ಹಾಲಿನ ನೀಲವ್ವ ನಮ್ಮ ಬ್ಯಾಡಗಿಯ ಮನೆಯ ಕಟ್ಟೆಯ ಮೇಲಿದ್ದ ಗಿಡವನ್ನು ಗದರುತ್ತಿದ್ದಳು. ತಪ್ಪು ಅವಳದಲ್ಲ. ನೆರಳಲ್ಲೂ ವರ್ಷವಿಡೀ ಹಸಿರಾಗಿರುತ್ತದೆಂದು ರಾಣೆಬೆನ್ನೂರಿನ ನರ್ಸರಿಯಿಂದ ತಂದ ಆ ಅಗಲ ಎಲೆಯ ಗಿಡಕ್ಕೆ ಚಳಿಯಾದೀತೆಂದು, ನಮ್ಮ ಮನೆಯವರು ಕಂಬಳಿ ಹೊದಿಸಿ ಮೇಲೊಂದು ಮಫ್ಲರ್ ಬೇರೆ ಸುತ್ತಿದ್ದರು. ಹೆತ್ತ ಮಕ್ಕಳಿಗೂ ಇಷ್ಟು ಆರೈಕೆ ಸಿಕ್ಕಿರಲಿಲ್ಲ, ಬಿಡಿ.

ಅಷ್ಟರಲ್ಲಿ ಮಾವನವರು ಅಂಗೈ ಉಜ್ಜಿಕೊಳ್ಳುತ್ತ ಬಾಗಿಲಿಗೆ ಬಂದರು. “ನಾ ಇಲ್ಲಿ ಅದೀನಿ ನೀಲವ್ವಾ. ಅಲ್ಲಿ ಕುಂತದ್ದು ನನ್ನ ಕಂಬಳಿ ಅಷ್ಟ.”

ಕಂಬಳಿ ಅಂದೇ ಮಾವನವರ ಹೆಗಲಿಗೆ ಮರಳಿತು. ಗಿಡ ಬರಿಮೈಯಲ್ಲೇ ಚಳಿಗಾಲ ಕಳೆದು ಹೊಸ ಎಲೆ ಬಿಟ್ಟಿತು. ಅದೆಲ್ಲ ತಮ್ಮ ಆರೈಕೆಯ ಫಲವೆಂದು ನಮ್ಮ ಮನೆಯವರು ಪ್ರತಿ ಚಳಿಗಾಲ ಹೇಳುತ್ತಾರೆ. ಮಾವನವರು ಹೂಂಗುಡುತ್ತಾರೆ, ಕಂಬಳಿಯ ಅಂಚು ಮಾತ್ರ ಬಿಡುವುದಿಲ್ಲ.